ದಾರಿ ಬಿಡದ ಕಾಡು

ಮಾಲತೇಶಪ್ಪನ ಹೆಬ್ಬೆರಳು ಮಗಳು ಬರೆದ ಕಾಡಿನ ನಡುವೆ ಇಳಿಯುತ್ತಿತ್ತು. ಹತ್ತಿಕಟ್ಟಿಗೆ ಸುಟ್ಟು ತಾನೇ ಮಾಡಿಕೊಂಡ ಇದ್ದಿಲಿನಿಂದ ಮರಿಯವ್ವ ಗೋಡೆಯಗಲದ ಕಾಗದದ ತುಂಬ ಮರಗಳನ್ನು ಬರೆದಿದ್ದಳು. ಅವನ ಬೆರಳು ಹೋದಲ್ಲೆಲ್ಲ ಆ ಕಪ್ಪು ಅಳಿಸಿಹೋಗಿ, ಬೆಳ್ಳನೆಯ ಕಾಲುದಾರಿಯೊಂದು ಮೂಡುತ್ತಿತ್ತು. ಒಳಗೆ ಬಂದ ಮರಿಯವ್ವ ಬಾಗಿಲಲ್ಲೇ ನಿಂತುಬಿಟ್ಟಳು. ಮಧ್ಯಾಹ್ನದ ಬಸ್ಸಿಗೆ ಆ ಚಿತ್ರ ಧಾರವಾಡದ ಪ್ರದರ್ಶನಕ್ಕೆ ಹೋಗಬೇಕಿತ್ತು.

“ಯಪ್ಪಾ, ಏನ ಮಾಡಾಕತ್ತಿ?”

“ದಾರಿ ಬಿಡೂದ ಮರ್ತೀಯಲ್ಲವ್ವಾ,” ಎಂದ ಅವನು, ತಿರುಗಿ ನೋಡದೆ. ರಾಣೆಬೆನ್ನೂರಿನ ಸುತ್ತ ಯಾವ ಊರಲ್ಲಿ ನಾಟಕವಾದರೂ ಕಾಡಿನ ಪರದೆ ಬರೆಯುತ್ತಿದ್ದವನು ಅವನೇ. ಪಾತ್ರಗಳು ಕಾಡಿನೊಳಗಿಂದಲೇ ನಡೆದು ಬಂದಂತೆ ಕಾಣಬೇಕೆಂದು ನಡುವೆ ಒಂದು ದಾರಿ ಬರೆಯದೆ ಪರದೆ ಕೊಟ್ಟವನಲ್ಲ. “ದಾರಿ ಇಲ್ಲಂದ್ರ ಬರೋರು ಎಲ್ಲಿಂದ ಬರಬೇಕು?”

“ಇದು ನಾಟಕದ ಪರದೆ ಅಲ್ಲಪ್ಪಾ. ಅವ್ವ ಸತ್ತಾಗಿಂದ ನಾ ಬರಿಯೂದು ಇಂಥಾ ಕಾಡನ್ನ. ಇದರಾಗಿಂದ ಯಾರೂ ಹೊಳ್ಳಿ ಬರೂದಿಲ್ಲ.”

ಬೆರಳು ನಿಂತಿತು. ಮಾಲತೇಶಪ್ಪ ತಾನು ತೆರೆದ ದಾರಿಯನ್ನು ನೋಡಿದ. “ಖರೇ ಐತಿ,” ಎಂದ. ನೆಲದ ಮೇಲಿದ್ದ ಇದ್ದಿಲ ತುಂಡನ್ನು ಎತ್ತಿಕೊಂಡು, ಕೆಳಗಿನಿಂದ ಮೇಲಕ್ಕೆ, ಒಂದೊಂದೇ ಮರ ಬರೆಯುತ್ತ ದಾರಿ ಮುಚ್ಚತೊಡಗಿದ. ಮರಿಯವ್ವ ತಡೆಯಲಿಲ್ಲ. ದೂರದ ತುದಿಯಲ್ಲಿ, ಒಬ್ಬರು ನಿಲ್ಲುವಷ್ಟು ಬಿಳುಪು ಉಳಿದಾಗ ಅವನ ಕೈ ಮುಂದೆ ಹೋಗಲಿಲ್ಲ. ಇದ್ದಿಲನ್ನು ಮಗಳ ಅಂಗೈಯಲ್ಲಿಟ್ಟ.

“ಇಷ್ಟು ನೀನ ಮುಚ್ಚವ್ವಾ. ನನ್ನ ಕೈಲೆ ಆಗೂದಿಲ್ಲ.”