ಕ್ವಿಜ್ ತುಂಬಿಸಿದ ಅಪ್ಪ

ಪೂರ್ತಿ ಓದಿ... ಅರ್ಧಕ್ಕೇ ಬಿಟ್ಟು ಕೈ ಮುಗಿಯುವ ಇಮೋಜಿ ಹಾಕಬೇಡಿ.

ಮೆಣಸಿನಕಾಯಿ ಮಾರ್ಕೆಟ್ ಇರುವ ಒಂದು ಊರು. ಅಲ್ಲಿ ಚನ್ನಬಸು ಎಂಬುವವನ ಮೊಬೈಲ್ ರಿಪೇರಿ ಅಂಗಡಿ.

ಮಗಳು ಸಿಂಚನಾ ಹತ್ತನೇ ಕ್ಲಾಸು. ಓದುವ ಹುಡುಗಿ... ಆದರೆ ಅವಳ ಕ್ಲಾಸಿನ ನೇತ್ರಾ ಯಾವಾಗಲೂ ಒಂದು ಹೆಜ್ಜೆ ಮುಂದೆ.

ತಾಲೂಕಿನ ಹೈಸ್ಕೂಲುಗಳಿಗೆಲ್ಲ ಸೇರಿ ಒಂದು ಆನ್‌ಲೈನ್ ಕ್ವಿಜ್ ಗೇಮ್ ಇಟ್ಟರು. ಭಾನುವಾರ ಫೋನಿಗೆ ಕೋಡ್ ಬರುತ್ತದೆ. ಮನೆಯಲ್ಲೇ ಕೂತು ಆಡಬೇಕು.

ಗೆದ್ದ ಒಬ್ಬರಿಗೆ ಮಾತ್ರ ಜಿಲ್ಲಾ ವಿಜ್ಞಾನ ಶಿಬಿರ. ಒಬ್ಬರಿಗೆ... ಅಷ್ಟೇ.

ಚನ್ನಬಸುಗೆ ಒಂದು ವೆಬ್‌ಸೈಟ್ ಗೊತ್ತಿತ್ತು. ಅದರಲ್ಲಿ ಕೋಡ್ ಹಾಕಿದರೆ ಸಾಕು, ಬಾಟ್‌ಗಳು ಗೇಮಿಗೆ ನುಗ್ಗುತ್ತವೆ. ಬಾಟ್ ಅಂದರೆ ಮನುಷ್ಯರಲ್ಲ... ಕಂಪ್ಯೂಟರ್ ಹುಟ್ಟಿಸಿದ ಸುಳ್ಳು ಆಟಗಾರರು.

ಆ ಗೇಮಿನಲ್ಲಿ ಇಷ್ಟೇ ಜನ ಎಂಬ ಮಿತಿ ಇತ್ತು. ಮಗಳು ಒಳಗೆ ಸೇರಿದ್ದೇ ತಡ, ಉಳಿದ ಜಾಗಕ್ಕೆಲ್ಲ ಈತ ಬಾಟ್ ತುಂಬಿಸಿಬಿಟ್ಟ. ಕ್ವಿಜ್ ನಡೆಸುವ ಮೇಷ್ಟ್ರಿಗೆ ಅನುಮಾನ ಬರದಂತೆ ಮಕ್ಕಳ ಹೆಸರನ್ನೇ ಇಟ್ಟಿದ್ದ!

ತಡವಾಗಿ ಸೇರಲು ಹೋದ ಮಕ್ಕಳೆಲ್ಲ ಹೊರಗೇ ಉಳಿದರು. ನೇತ್ರಾ ಕೂಡ.

ಸಿಂಚನಾ ಫಸ್ಟ್ ಬಂದಳು. ಅಪ್ಪ ಮಾಡಿದ್ದು ಅವಳಿಗೆ ಗೊತ್ತೇ ಇರಲಿಲ್ಲ. ಕುಣಿದಳು. ಅಪ್ಪನ ಸ್ಟೇಟಸ್ ತುಂಬ ಮಗಳ ಫೋಟೋ.

ಮರುದಿನ ಅಂಗಡಿಗೆ ತಾಯಿ, ಮಗಳು ಬಂದರು. ರತ್ನವ್ವ ಮತ್ತು ನೇತ್ರಾ. ರತ್ನವ್ವ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿಗೆ ಹೋಗುವವಳು.

“ಅಣ್ಣಾರ, ಈ ಫೋನಿಗೆ ಏನಾಗೈತಿ ಸ್ವಲ್ಪ ನೋಡ್ರಿ.”

“ಚಲೋನ ಐತೆಲ್ಲವ್ವಾ... ಯಾಕ?”

“ನಿನ್ನಿ ಕ್ವಿಜ್ ಒಳಗ ಬಿಡಲಿಲ್ಲಂತ್ರಿ. ಜಾಗ ತುಂಬೇತಿ ಅಂತಂತ. ಫೋನಿನ ಆಟದಾಗ ಜಾಗ ತುಂಬಾಕ ಅದೇನ್ ಬಸ್ಸೇನ್ರಿ?”

ಚನ್ನಬಸು ತಲೆ ಎತ್ತಲಿಲ್ಲ.

“ಹಳೇ ಫೋನ್ ಬೇ ಅದು. ಬಿಡು ಇನ್ನ,” ಎಂದಳು ನೇತ್ರಾ.

“ಹಳೇದು ಅಲ್ಲ, ತಪ್ಪು ನಂದ. ಕೆಲಸದಾಗ ಹಾಡು ಕೇಳಾಕ ಇದನ್ನ ಒಯ್ತೀನ್ರಿ. ಖಾರದ ಧೂಳು ಹೊಕ್ಕೈತಿ. ನನ್ನ ಹಾಡಿನ ಚಟಕ್ಕ ಬೆಂಕಿ ಹಚ್ಚಲಿ... ಇನ್ನ ಮ್ಯಾಲೆ ಮುಟ್ಟಂಗಿಲ್ಲ ನಾ.”

ಚನ್ನಬಸು ಫೋನ್ ಬಿಚ್ಚಿದ. ಒಳಗೆ ಎಲ್ಲ ಸರಿಯಾಗೇ ಇತ್ತು. ಅವನಿಗೆ ಗೊತ್ತಿರಲಿಲ್ಲವೇ!

ಆದರೂ ಬಾಯಿ ಸುಳ್ಳನ್ನೇ ಹೇಳಿತು. “ಹೂಂ... ಸ್ವಲ್ಪ ಧೂಳು ಐತವ್ವ.”

ರತ್ನವ್ವ ಅಲ್ಲೇ ಕೆನ್ನೆ ಬಡಿದುಕೊಂಡಳು. “ಕೇಳಿದೇನ? ನಿನ್ನ ಹಾಳ ಮಾಡಿದಾಕಿ ನಾನ!”

ನೇತ್ರಾ ಅವ್ವನ ಕೈ ಹಿಡಿದುಕೊಂಡು ನಗಲು ನೋಡಿದಳು. “ಅಂಕಲ್, ಸಿಂಚನಾಗ ಹೇಳ್ರಿ... ನಾ ಇರಲಿಲ್ಲ ಅಂತ ಗೆದ್ದಾಳ ಅಂತ!”

ತಮಾಷೆಗೆ ಅಂದದ್ದು. ಆದರೆ ಅವನ ಕಣ್ಣು ತುಂಬಿದವು.

“ಖಾರದ ಘಾಟ್ರಿ ಅಣ್ಣಾರ, ಕಣ್ಣಿಗೆ ನೀರು ಹಾಕೋರಿ,” ಎಂದಳು ರತ್ನವ್ವ.

ಆ ತಾಯಿ ಅವನ ಕಣ್ಣಿನ ಚಿಂತೆ ಮಾಡುತ್ತಿದ್ದಳು!

“ಖಾರ ಅಲ್ಲವ್ವಾ... ನಿನ್ನ ಫೋನಿಗೆ ಏನೂ ಆಗಿಲ್ಲ. ಸುಳ್ಳು ಹೆಸರು ತುಂಬಿಸಿ ನಿನ್ನ ಮಗಳನ್ನ ಹೊರಗ ಹಾಕಿದಾಂವ ನಾನು.”

ಎಲ್ಲವನ್ನೂ ಹೇಳಿದ.  ರತ್ನವ್ವ ಒಂದೇ ಮಾತು ಕೇಳಿದಳು.

“ರಾತ್ರಿಯೆಲ್ಲ ನನ್ನ ನಾ ಬೈಕೊಂಡೆನ್ರಿ... ನಿಮಗ ನಿದ್ದಿ ಬಂತೇನು?”

 ಚನ್ನಬಸುಗೆ ಚೆನ್ನಾಗಿಯೇ ಬಂದಿತ್ತು ನಿದ್ದೆ.

ಅವರ ಎದುರಿಗೇ ಮೇಷ್ಟ್ರಿಗೆ ಫೋನ್ ಮಾಡಿ ಒಪ್ಪಿಕೊಂಡ. ಮೇಷ್ಟ್ರು ಬೈದ ಬೈಗುಳ ಪಕ್ಕದ ಅಂಗಡಿಗೂ ಕೇಳಿಸಿತು. “ಜಾಗ ಸಿಗಲಿಲ್ಲ ಅಂದ ಹುಡುಗರಿಗೇ, ನಿಮ್ಮ ನೆಟ್‌ವರ್ಕ್ ಸರಿ ಇಲ್ಲ ಅಂತ ನಾನು ಗದರಿದೆನಲ್ರಿ!” ಮುಂದಿನ ಭಾನುವಾರ ಮತ್ತೆ ಕ್ವಿಜ್ ಎಂದು ತೀರ್ಮಾನವಾಯಿತು. ಏನೂ ಅರಿಯದ ಸಿಂಚನಾಗೂ ಆಡಲು ಅವಕಾಶ ಕೊಟ್ಟರು.

ಆದರೆ ಅವನ ನಿಜವಾದ ಪರೀಕ್ಷೆ ಮನೆಯಲ್ಲಿತ್ತು... ಶಿಬಿರಕ್ಕೆಂದು ಬ್ಯಾಗ್ ತುಂಬುತ್ತಿದ್ದ ಮಗಳ ಎದುರಿಗೆ.

ಅಪ್ಪ ಹೇಳಿದ್ದನ್ನೆಲ್ಲ ಕೇಳಿ ಮುಗಿದ ಮೇಲೆ ಅವಳು ಅರಚಲಿಲ್ಲ.

“ನಾ ಖರೇನ ಓದಿದ್ನೆಪ್ಪಾ...”

“ಗೊತ್ತೈತಿ ಮಗಳ.”

“ಗೊತ್ತಿದ್ರ ಯಾಕ ಮಾಡಿದಿ? ನಾ ಗೆಲ್ಲಂಗಿಲ್ಲ ಅಂತ ನಿನಗ ಮೊದಲ ಅನಿಸಿತ್ತು, ಹೌದಿಲ್ಲೋ?”



ಭಾನುವಾರ ಬಂತು. ಈ ಸಲ ಮೇಷ್ಟ್ರು ಒಬ್ಬೊಬ್ಬರ ಹೆಸರನ್ನೂ ಶಾಲೆಯ ಹಾಜರಿ ಪಟ್ಟಿಯ ಜೊತೆ ತಾಳೆ ನೋಡಿ ಒಳಗೆ ಬಿಟ್ಟರು. ಹಿಂದಿನ ವಾರ ಹೊರಗುಳಿದ ಮಕ್ಕಳೆಲ್ಲ ಆಡಿದರು.

ನೇತ್ರಾ ಗೆದ್ದಳು. ಶಿಬಿರಕ್ಕೆ ಹೋದಳು. ಸಿಂಚನಾ ಮೂರನೆಯವಳು.

ಅದನ್ನು ಚನ್ನಬಸು ಶಾಲೆಯ ಗ್ರೂಪಿನಲ್ಲಿ ಓದಿ ತಿಳಿದುಕೊಂಡ. ಮಗಳು ಹೇಳಲಿಲ್ಲ.

ಅವತ್ತು ಕ್ವಿಜ್ ಶುರುವಾಗುವ ಮುಂಚೆ, ಮಗಳಿಗೆ ಒಂದು ಲೋಟ ಹಾಲು ಕೊಡಲು ಅವನು ರೂಮಿಗೆ ಹೋಗಿದ್ದ. ಅಪ್ಪನನ್ನು ಕಂಡ ಕೂಡಲೇ ಅವಳು ಫೋನಿನ ಮೇಲೆ ಅಂಗೈ ಮುಚ್ಚಿದಳು...

ಅವನು ಲೋಟ ಇಟ್ಟು ಹೊರಗೆ ಬರುವ ತನಕ ಆ ಕೈ ತೆಗೆಯಲಿಲ್ಲ.

ಮಕ್ಕಳಿಗೋಸ್ಕರ ಎಂದು ನಾವು ಮಾಡುವ ಮೋಸ, ಮೊದಲು ಆ ಮಕ್ಕಳಿಗೇ ಮಾಡುವ ಮೋಸ.

ಈಗ ಎದೆ ಮುಟ್ಟಿಕೊಂಡು ಹೇಳಿ... ನಿಮ್ಮ ಮಗುವಿನ ಎಷ್ಟು ಗೆಲುವುಗಳು ನಿಜವಾಗಿ ಆ ಮಗುವಿನವು?