ಅದೇನಂದ್ರೆ, ಚೆನ್ನಾಗೇ ಇದೆ

"ವೆಲ್... ಯು ನೋ... ಐ ಮೀನ್... ಇಟ್ಸ್ ಫೈನ್," ಎಂದರು ಪಿಟೀಲು ಮೇಡಂ, ಹೊಸ ಕೋಟು ತೊಟ್ಟು ನಿಲುವುಗನ್ನಡಿಯ ಮುಂದೆ ನಿಂತು.

"ಚೆನ್ನಾಗಿದೆಯಂತೆ ಅಪ್ಪ," ಎಂದು ಟೈಲರ್‌ನ ಮಗಳು ಒಂದೇ ಮಾತಿನಲ್ಲಿ ಮುಗಿಸಿದಳು.

ಟೈಲರ್‌ಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಮೇಡಂಗೆ ಇಂಗ್ಲಿಷ್ ಬಿಟ್ಟರೆ ಬೇರೆ ಬಾರದು. ಬಲಗೈ ಮುರಿದುಕೊಂಡು ಎಂಟು ತಿಂಗಳು ಮನೆಯಲ್ಲಿ ಕೂತೆದ್ದ ಮೇಲೆ ಅವನು ಹೊಲಿದ ಮೊದಲ ಕೋಟು ಇದು. ಕೈ ಇನ್ನೂ ಮೊದಲಿನಂತೇ ಇದೆಯೋ ಕೆಟ್ಟಿತೋ ಇವತ್ತು ಗೊತ್ತಾಗಬೇಕಿತ್ತು. ಎರಡು ದಿನದಿಂದ ಊಟ ಸೇರಿರಲಿಲ್ಲ.

"ಚೆನ್ನಾಗಿದೆ ಅನ್ನೋಕೆ ಅಷ್ಟುದ್ದ ಎಳೀಬೇಕಾ?"

"ಮಿಕ್ಕಿದ್ದಕ್ಕೆಲ್ಲ ಅರ್ಥ ಇಲ್ಲಪ್ಪ, ಸುಮ್ನೆ ಬಾಯಿಗೆ ಬರೋದು." ಇಂಗ್ಲಿಷಿನಲ್ಲಿ ಕ್ಲಾಸಿಗೇ ಮೊದಲು ಬರುವ ಹುಡುಗಿ, ಅವಳೆದುರು ವಾದಿಸಿ ಗೆದ್ದವರುಂಟೆ?

"ಬಾಯಿಗೆ ಸುಮ್ನೆ ಯಾವುದೂ ಬರಲ್ಲ ಕಣೇ. ನಿಮ್ಮಮ್ಮನ ಅಡುಗೆಗೆ ಉಪ್ಪು ಜಾಸ್ತಿಯಾದಾಗ ನಾನೇನಂತೀನಿ ಹೇಳು?"

ಮಗಳು ಅಪ್ಪನ ದನಿಯಲ್ಲೇ ಅಣಕಿಸಿದಳು. "ಅದೂ... ಅದೇನಂದ್ರೆ... ಚೆನ್ನಾಗೇ ಇದೆ."

"ಆಮೇಲೆ?"

"ಎರಡು ಚೊಂಬು ನೀರು ಕುಡೀತೀರ." ಹೇಳುತ್ತಲೇ ನಾಲಿಗೆ ಕಚ್ಚಿಕೊಂಡಳು.

"ಪಿಟೀಲು ಬಾರಿಸೋ ಹಾಗೆ ಕೈ ಎತ್ತಬೇಕಂತೆ ಅಂತ ಹೇಳವರಿಗೆ," ಎಂದ ಟೈಲರ್. ಮೇಡಂ ಎತ್ತಿದರು. ಕಂಕುಳಲ್ಲಿ ಬಟ್ಟೆ ಬಿಗಿದು ಇಡೀ ಕೋಟೇ ಮೇಲಕ್ಕೆ ಬಂತು. ಅಯ್ಯೋ ದೇವರೇ! ದಿನವಿಡೀ ಕೈಯೆತ್ತಿ ದುಡಿಯುವವರಿಗೆ, ಕೈ ಇಳಿಬಿಟ್ಟು ನಿಂತವರ ಅಳತೆಯಲ್ಲಿ ಹೊಲಿದುಬಿಟ್ಟಿದ್ದ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಜೊತೆಗೇ ಎದೆ ಹಗುರವೂ ಆಯಿತು. ಹೊಲಿಗೆ ನೇರವಾಗಿಯೇ ಇತ್ತು. ತಪ್ಪು ಕೈಯದಲ್ಲ, ತಲೆಯದು. ಅದನ್ನು ಸರಿಮಾಡುವುದೇನು ಮಹಾ?

ಅವರನ್ನು ಬೆಂಚಿನ ಮೇಲೆ ಕೂರಿಸಿ, ಕೋಟಿನ ತೋಳು ಬಿಚ್ಚಿ, ಕಂಕುಳಿಗೊಂದು ಪಟ್ಟಿ ಕೊಟ್ಟು ಮತ್ತೆ ಹೊಲಿದ. ಒಂದು ಗಂಟೆ ಹಿಡಿಯಿತು.

ಈ ಸಲ ಮೇಡಂ ಕೋಟು ತೊಟ್ಟವರೇ, ಇಲ್ಲದ ಪಿಟೀಲನ್ನು ಗಲ್ಲಕ್ಕಿಟ್ಟು ಕೈಯಾಡಿಸಿದರು. ಆಮೇಲೆ ಕನ್ನಡಿಗೆ ಬೆನ್ನು ಹಾಕಿ ಹುಡುಗಿಯ ಜೊತೆ ಹರಟೆಗೆ ನಿಂತರು. ಗಡಿಯಾರ ನೋಡಿ ಗಾಬರಿಯಾಗಿ, ಚೀಲ ಎತ್ತಿಕೊಂಡು, ಕೈಬೀಸಿ ಹೊರಟೇಬಿಟ್ಟರು.

"ಏನಂದ್ರೇ?"

"ನಾಳೆ ಸಂಗೀತ ಕಚೇರಿಯಂತೆ, ಶಿಷ್ಯನೊಬ್ಬ ತಾಳ ತಪ್ಪಿಸ್ತಾನಂತೆ, ಬಸ್ಸಿಗೆ ಹೊತ್ತಾಯ್ತಂತೆ. ಕೋಟಿನ ಮಾತೇ ಎತ್ತಲಿಲ್ಲಪ್ಪ." ಮಗಳ ಮುಖ ಸಪ್ಪಗಾಗಿತ್ತು.

ಟೈಲರ್ ಬಾಗಿಲ ಪಕ್ಕದ ಗೂಟದತ್ತ ಬೆರಳು ತೋರಿಸಿದ. ಮೇಡಂ ಬರುವಾಗ ಹಾಕಿಕೊಂಡು ಬಂದಿದ್ದ ಹಳೇ ಕೋಟು ಅಲ್ಲೇ ನೇತಾಡುತ್ತಿತ್ತು.

"ಓಡು, ಬಸ್ಸು ಹೊರಡೋದ್ರೊಳಗೆ ಕೊಟ್ಟು ಬಾ," ಎಂದ, ನಗು ತಡೆಯಲಾರದೆ. "ಹೊಸದು ಮೈಮೇಲಿರೋದೇ ಮರೆತುಹೋಗಿದೆ. ಇದಕ್ಕಿಂತ ಇನ್ನೇನು ಹೇಳ್ಬೇಕಿತ್ತೇ ಅವರು?"