ನೂರಕ್ಕೆ ನೂರು

"ಸಾರ್, ಈ ರಿಜಿಸ್ಟರಿನಲ್ಲಿ ಇವಳ ಹೆಸರು ಎಲ್ಲಿದೆಯೋ ಇವಳೇ ಹುಡುಕಿ ಓದ್ತಾಳೆ. ಒಂದು ನಿಮಿಷ ನೋಡಿ," ಎಂದು ಶಾಮಲಮ್ಮ ಟೀಚರ್ ಕದಿರಮ್ಮನನ್ನು ಸ್ಕೂಲ್ ಇನ್ಸ್‌ಪೆಕ್ಟರ್ ಸಾಹೇಬರ ಮುಂದೆ ನಿಲ್ಲಿಸಿದಾಗ ಸಾಹೇಬರು ಸಹಿ ಹಾಕಲು ಪೆನ್ನು ತೆರೆದಾಗಿತ್ತು. ಮೇಜಿನ ಮೇಲೆ ಹೆಡ್‌ಮಾಸ್ಟರ್ ಕೋದಂಡರಾಮಪ್ಪನವರಿಗೆ ಹೊದಿಸಬೇಕಾದ ಶಾಲು, ಒಂದು ಹಾರ, ಮತ್ತೆ ಶಾಲೆಗೆ ಸೇರಿದ ಮಕ್ಕಳೆಲ್ಲರ ಹೆಸರಿರುವ ದಪ್ಪ ದಾಖಲಾತಿ ರಿಜಿಸ್ಟರು. ಮುಳಬಾಗಿಲು ತಾಲ್ಲೂಕಿನ ಆ ಶಾಲೆ ಎಂಬತ್ತೆರಡನೇ ಇಸವಿಯಲ್ಲೂ ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಯಲ್ಲಿ ನೂರಕ್ಕೆ ನೂರು ಮಾಡಿತ್ತು. ಒಬ್ಬರೂ ಫೇಲಿಲ್ಲದೆ ಇದು ಐದನೇ ವರ್ಷ. ಹೆಡ್‌ಮಾಸ್ಟರ ಎದೆ ಉಬ್ಬದೆ ಇನ್ನೇನಾದೀತು?

ಬೀರುವಿನಿಂದ ಆ ರಿಜಿಸ್ಟರು ಹೊತ್ತು ತಂದವಳೂ ಕದಿರಮ್ಮನೇ. ಬೇರೆ ಮಕ್ಕಳಿಗೆ ಅದನ್ನು ಮುಟ್ಟಲೂ ಬಿಡದ ಕೋದಂಡರಾಮಪ್ಪನವರು ಇವಳ ಕೈಗೆ ಮಾತ್ರ ನಿಶ್ಚಿಂತೆಯಾಗಿ ಕೊಡುತ್ತಿದ್ದರು. ಹದಿಮೂರು ವರ್ಷವಾದರೂ ಇವಳಿಗೆ ಓದು ಹತ್ತಲಿಲ್ಲ ಎಂಬುದು ಊರಿಗೆಲ್ಲ ಗೊತ್ತು. ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತನ್ನು ಅಪ್ಪನಿಗಿಂತ ಮೊದಲೇ ಹೇಳುವ ಹುಡುಗಿ, ಪುಸ್ತಕ ತೆರೆದರೆ ಅಕ್ಷರಗಳು ಒಂದರ ಮೇಲೊಂದು ಹತ್ತುತ್ತವೆ ಎಂದು ಅಳುತ್ತಿದ್ದಳು. "ದಡ್ಡಿ ಕಣಮ್ಮ, ಬಿಟ್ಟಾಕಿ," ಎಂದಿದ್ದರು ಹೆಡ್‌ಮಾಸ್ಟರು. ಬಿಟ್ಟುಹಾಕುವ ಜಾಯಮಾನ ಶಾಮಲಮ್ಮನದಲ್ಲ. ಎರಡು ವರ್ಷ, ದಿನಾ ಕೊನೆಯ ಬೆಲ್ಲಾದ ಮೇಲೆ, ಮೊರದಲ್ಲಿ ರಾಗಿ ಹರಡಿ ಬೆರಳಿನಿಂದ ಅಕ್ಷರ ತಿದ್ದಿಸಿದರು. ಸಾಲಿನ ಕೆಳಗೆ ಪೊರಕೆ ಕಡ್ಡಿ ಇಟ್ಟುಕೊಂಡು ಓದುವುದನ್ನು ಕಲಿಸಿದರು. ಕಡ್ಡಿ ಇಟ್ಟ ಮೇಲೆ ಒಂದೇ ಕಟ್ಟುನಿಟ್ಟು: ಸಾಲಿನ ಕೊನೆ ಮುಟ್ಟುವ ತನಕ ನಿಲ್ಲಿಸಬಾರದು.

ಈ ಸಲವೇ ಪರೀಕ್ಷೆಗೆ ಕೂರಿಸಿ ಎಂದು ಕೇಳಿದ್ದಕ್ಕೆ ಹೆಡ್‌ಮಾಸ್ಟರು "ಮುಂದಿನ ಏಪ್ರಿಲ್‌ಗೆ ನೋಡೋಣ" ಎಂದು ಜಾರಿಕೊಂಡಿದ್ದರು. ಸಾಹೇಬರ ಎದುರಿಗೆ ಒಂದು ಸಲ ಓದಿಬಿಟ್ಟರೆ ಆಮೇಲೆ ಇಲ್ಲ ಅನ್ನುವಂತಿಲ್ಲ ಎಂದು ಶಾಮಲಮ್ಮ ಅಂದುಕೊಂಡಿದ್ದರು. ಕದಿರಮ್ಮನಂತೂ ಪರೀಕ್ಷೆಗೆಂದು ಅಪ್ಪನನ್ನು ಕಾಡಿ ಒಂದು ಇಂಕ್ ಪೆನ್ನು ತರಿಸಿಟ್ಟುಕೊಂಡಿದ್ದಳು.

"ಶಾಮಲಮ್ಮನೋರೆ, ಸಾಹೇಬ್ರು ನಂಗಲಿ ಸ್ಕೂಲಿಗೂ ಹೋಗ್ಬೇಕು. ಈಗ್ಯಾಕೆ ಇವೆಲ್ಲ?" ಕೋದಂಡರಾಮಪ್ಪನವರು ರಿಜಿಸ್ಟರಿನ ಮೇಲೆ ಕೈ ಇಟ್ಟರು.

"ಇರ್ಲಿ ಬಿಡಿ ಮೇಷ್ಟ್ರೆ, ಆಸೆ ಪಟ್ಟಿದೆ ಮಗು," ಎಂದು ಸಾಹೇಬರು ಅದನ್ನು ತಮ್ಮ ಕಡೆಗೆ ಎಳೆದುಕೊಂಡರು. "ಯಾವ ವರ್ಷ ಸೇರಿದ್ದಮ್ಮ?"

"ಎಪ್ಪತ್ತೈದು ಸಾರ್," ಎಂದರು ಶಾಮಲಮ್ಮ.

ಪುಟ ಸಿಕ್ಕಿತು. ಕದಿರಮ್ಮ ಲಂಗದ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕಡ್ಡಿ ತೆಗೆದು ಒಂದೊಂದೇ ಸಾಲು ಇಳಿಸುತ್ತಾ ಬಂದು ಒಂದು ಕಡೆ ನಿಲ್ಲಿಸಿದಳು. "ಕ... ದಿ... ರಮ್ಮ." ಶಾಮಲಮ್ಮನ ಕಣ್ಣು ತುಂಬಿ ಬಂತು. "ತಂದೆ... ಮುನಿ... ಶಾಮಿ."

"ಭೇಷ್," ಎಂದರು ಸಾಹೇಬರು.

"ಸಾಕು ಸಾಕು, ಚೆನ್ನಾಗಿ ಓದ್ದೆ. ಹೋಗಿ ನೀರು ತಗಂಬಾ," ಎನ್ನುತ್ತಾ ಹೆಡ್‌ಮಾಸ್ಟರು ಪುಸ್ತಕ ಮುಚ್ಚಲು ಬಂದರು. ಆದರೆ ಸಾಲು ಇನ್ನೂ ಮುಗಿದಿರಲಿಲ್ಲ. ಕದಿರಮ್ಮ ಮೊಣಕೈಯಿಂದ ಪುಟವನ್ನು ಒತ್ತಿ ಹಿಡಿದು, ತಾರೀಕು, ಜಾತಿ ಎಲ್ಲವನ್ನೂ ತೊದಲುತ್ತಾ ದಾಟಿ, ಶಾಲೆ ಬಿಟ್ಟ ಕಾರಣ ಬರೆಯುವ ಕೊನೆಯ ಕಾಲಮಿಗೆ ಬಂದಳು. ಅಲ್ಲಿ ಕೆಂಪು ಶಾಯಿಯಲ್ಲಿ ಒಂದು ಪದವಿತ್ತು.

"ಮ... ರ... ಣ."

ತಪ್ಪು ಓದಿದಳು ಎಂದುಕೊಂಡು ಶಾಮಲಮ್ಮ ತಿದ್ದಲು ಬಗ್ಗಿದರು. ಹುಡುಗಿ ಓದಿದ್ದು ಸರಿಯಾಗಿಯೇ ಇತ್ತು. ಹೆಸರು, ತಾರೀಕು, ಜಾತಿ ಎಲ್ಲ ಶಾಮಲಮ್ಮನೇ ತಿದ್ದಿಸಿದ್ದವು; ಯಾರೂ ಹೇಳಿಕೊಡದೆ ಅವಳು ಓದಿದ ಮೊದಲ ಪದ ಇದು. ಎರಡು ವರ್ಷ ತಮ್ಮ ಪಕ್ಕ ಕೂತು ರಾಗಿಯಲ್ಲಿ ಬೆರಳಾಡಿಸಿದ ಮಗು, ಇಗೋ ಈಗಲೂ ತಮ್ಮ ಸೆರಗಿಗೆ ತಾಗಿಕೊಂಡು ನಿಂತಿದೆ. ಇದನ್ನು ಬರೆಯುವಾಗ ಈ ಹೆಡ್‌ಮಾಸ್ಟರ ಕೈ ಒಂದಿಷ್ಟೂ ನಡುಗಲಿಲ್ಲವೇ? ಅಕ್ಷರ ಮುತ್ತು ಪೋಣಿಸಿದಷ್ಟು ದುಂಡಗಿದ್ದವು.

"ಏನ್ರೀ ಇದು?" ಸಾಹೇಬರು ಆ ಕೆಂಪು ಪದದ ಮೇಲೆ ಬೆರಳಿಟ್ಟರು.

"ಹುಡುಗಿ ಮೇಲೆ ದ್ವೇಷ ಏನಿಲ್ಲ ಸಾರ್," ಎಂದರು ಕೋದಂಡರಾಮಪ್ಪನವರು, ಕೂಡುವ ಲೆಕ್ಕ ಹೇಳಿಕೊಡುವ ದನಿಯಲ್ಲಿ. "ಪರೀಕ್ಷೆಗೆ ಕೂರ್ಸಿದ್ರೆ ರಿಸಲ್ಟು ಬೀಳ್ತದೆ. ಶಾಲೆ ಬಿಟ್ಟಳು ಅಂತ ಬರೆದ್ರೆ ಯಾಕೆ ಬಿಟ್ಟಳು ಅಂತ ಆಫೀಸಿಂದ ಕಾಗದ ಬರ್ತದೆ. ಸತ್ತೋರ ಮೇಲೆ ಯಾರೂ ಏನೂ ಕೇಳಲ್ಲ ಸಾರ್."

ಕದಿರಮ್ಮ ಟೀಚರ ಮುಖ ನೋಡಿದಳು. "ಹಂಗಾದ್ರೆ ಏಪ್ರಿಲ್‌ನಾಗೆ ನಾನು ಪರೀಕ್ಷೆ ಬರೆಯಂಗಿಲ್ವಾ ಮಿಸ್?"

ಸಾಹೇಬರು ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು. ಶಾಲು ಮಡಿಕೆ ಬಿಚ್ಚದೆ ಅಲ್ಲೇ ಬಿದ್ದಿತ್ತು. ಕದಿರಮ್ಮ ಅಭ್ಯಾಸದ ಪ್ರಕಾರ ಕಡ್ಡಿಯನ್ನು ಕೆಳಗಿನ ಸಾಲಿಗೆ ಇಳಿಸಿದಳು. ಅದರ ಕೆಳಗಿನದಕ್ಕೆ. ಮತ್ತೂ ಕೆಳಕ್ಕೆ.

"ಇಲ್ಲೂ ಅದೇ ಐತೆ ಮಿಸ್," ಎಂದಳು.

ಕಡ್ಡಿ ಅಲುಗದಂತೆ ಹಿಡಿದುಕೊಂಡು ಆ ಸಾಲಿನ ಮೊದಲಿಗೆ ಬೆರಳು ತಂದಳು. "ಚಿ... ಕ್ಕ... ಗಂಗಮ್ಮ." ಓದಿದವಳು ತಲೆಯೆತ್ತಿದಳು.

"ಇವ್ಳು ಬೆಳಿಗ್ಗೆ ನಂಜೊತೆ ಬಾವಿ ತಾವ ನೀರು ಸೇದಿದ್ಲಲ್ಲ ಮಿಸ್."